ಮಂಚದಿಂದ ಬಚ್ಚಲಿಗೆ

ನಾನು ಒಂದು ವಾಕರ್. ನಾಲ್ಕು ಕಾಲಿದ್ದೂ ಯಾರಾದರೂ ಎತ್ತಿ ಇಡದಿದ್ದರೆ ಒಂದು ಹೆಜ್ಜೆಯೂ ಮುಂದೆ ಹೋಗಲಾರೆ. ಆದರೂ ನಡೆಸುವವನು ನಾನೇ ಎಂಬ ಜಂಬ ನನಗುಂಟು. ಅಲ್ಯೂಮಿನಿಯಂ ಕೊಳವೆ ಬಾಗಿಸಿ, ಕೈಗೆ ಮೆತ್ತನೆಯ ಹಿಡಿಕೆ, ಕಾಲಿಗೆ ರಬ್ಬರ್ ಟೋಪಿ ತೊಡಿಸಿ ಕಾರ್ಖಾನೆಯವರು ಹೊರಗೆ ಕಳಿಸಿದಾಗ, ದೇಶವೆಲ್ಲ ಸುತ್ತುತ್ತೇನೆ ಎಂದುಕೊಂಡಿದ್ದೆ. ಸುತ್ತಿದ್ದು ಗುಳೇದಗುಡ್ಡದ ಒಂದೇ ಓಣಿ, ಅದರಲ್ಲೂ ಹೆಚ್ಚಾಗಿ ಮಂಚದಿಂದ ಬಚ್ಚಲಿಗೆ!

ನನ್ನನ್ನು ಮೊದಲು ಕೊಂಡವರು ರವಿಕೆ ಖಣದ ಅಂಗಡಿಯ ಮುರಿಗೆಪ್ಪನವರು. ದೊಡ್ಡ ದನಿಯ ಮನುಷ್ಯ. ಬೆಳಗಾದರೆ ನನ್ನ ಹೆಗಲು ತಟ್ಟಿ, "ಏಳೋ ಅಳಿಯಾ, ಹೋಗೂಣು" ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಸತ್ತವರ ಹಾಸಿಗೆ, ಬಟ್ಟೆ, ಕೋಲು ಮನೆಯಲ್ಲಿ ಇಟ್ಟುಕೊಳ್ಳಬಾರದೆಂಬುದು ಈ ಓಣಿಯ ರೂಢಿ. ಅವರ ಹೆಂಡತಿ ಗುರುಬಸವ್ವ ಕಣ್ಣೊರೆಸಿಕೊಳ್ಳುತ್ತ ನನ್ನನ್ನು ಮಠದ ಹಿಂದಿನ ಕೋಣೆಗೆ ಕಳಿಸಿದರು. ನನಗೇನು ಅಂಟುರೋಗವೇ? ಜಮಖಾನೆಗಳ ನಡುವೆ ಧೂಳು ತಿನ್ನುತ್ತ ಬಹಳ ದಿನ ಸಿಟ್ಟಿನಲ್ಲಿ ನಿಂತಿದ್ದೆ.

ಅದೇ ಓಣಿಯ ನೀಲವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಆಪರೇಷನ್ ಆಯಿತು. "ಈಗ ನಡೀಲಿಲ್ಲ ಅಂದ್ರ ಹಾಸಿಗಿ ಕಾಯಂ ಆಗತೈತಿ ನೋಡ್ರಿ" ಎಂದರು ಡಾಕ್ಟರು. ನೀಲವ್ವನಿಗೆ ಸಾವಿಗಿಂತ ದೊಡ್ಡ ಹೆದರಿಕೆ ಒಂದಿತ್ತು. ಮಲಗಿದಲ್ಲೇ ಎಲ್ಲ ಆಗಿ, ಸೊಸೆ ಅದನ್ನು ಬಳಿಯುವಂತಾಗಬಾರದು, ಅಷ್ಟೇ. ಆ ಸೊಸೆ ಶಾಂತವ್ವನೇ ಮಠಕ್ಕೆ ಹೋಗಿ ನನ್ನನ್ನು ತಂದು ಮಂಚದ ಬಳಿ ನಿಲ್ಲಿಸಿದಳು.

"ಇದು ಮುರಿಗೆಪ್ಪಣ್ಣಂದಲ್ಲ? ಸತ್ತವರ ಸಾಮಾನು ಹಿಡ್ಕೊಂಡು ನೆಟ್ಟಗ ಅವನ ಕಡೇನ ಹೋಗಲೇನ? ಒಯ್ಯವಾ ಅತ್ತಾಗ!" ಎಂದು ನೀಲವ್ವ ಮುಖ ತಿರುಗಿಸಿದರು.

ಅಷ್ಟರಲ್ಲಿ ಮಹಾನವಮಿಯ ಖಂಡೇಪೂಜೆ, ಅಂದರೆ ಆಯುಧಪೂಜೆ ಬಂತು. ನೇಕಾರರ ಮನೆ. ಮಗ ಸಂಗಪ್ಪ ಮಗ್ಗ, ಲಾಳಿಗಳ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿ ಕುಂಕುಮ ಹಚ್ಚಿ, ಹೂವಿನ ಸರ ಸುತ್ತಿದ. "ಪೂಜಿ ಆತಬೇ. ಇನ್ನ ಇದು ಸತ್ತವರದಲ್ಲ, ಹೊಸಾದು!" ಮಗ್ಗಕ್ಕೆ ಎಣ್ಣೆ ಬಿಟ್ಟ ಕೈಯಲ್ಲೇ ನನಗೂ ಬಿಟ್ಟ. ಕೀಲಿಗೆ ಬಿಟ್ಟಿದ್ದರೆ ಸರಿ, ಪುಣ್ಯಾತ್ಮ ರಬ್ಬರ್ ಟೋಪಿಗೂ ಸವರಿದ! ಮಗನ ಮನಸ್ಸು ಮುರಿಯಲಾರದೆ ನೀಲವ್ವ ಎದ್ದು ನನ್ನನ್ನು ಹಿಡಿದರು. ನಾನು ಸುರ್ರನೆ ಜಾರಿದೆ. ಶಾಂತವ್ವ ಹಿಂದಿನಿಂದ ಹಿಡಿದು ಮಂಚದ ಮೇಲೆ ಕೂರಿಸಿದಳು.

"ನೋಡಿದ್ರೇನ? ಮುರಿಗೆಪ್ಪಣ್ಣ ಜಗ್ಗಾಕತ್ತಾನ!" ಎಂದು ನೀಲವ್ವ ಓಣಿಗೆಲ್ಲ ಕೇಳುವಂತೆ ಕೂಗಿದರು. ಛೇ, ನನಗೆ ಬಾಯಿದ್ದಿದ್ದರೆ!

ಕೂಗು ಕೇಳಿ ಗುರುಬಸವ್ವ ಮೊಣಕಾಲು ಹಿಡಿದುಕೊಂಡು ಕುಂಟುತ್ತ ಬಂದರು. ನನ್ನ ಕಾಲು ಮುಟ್ಟಿ, ಬೆರಳು ಮೂಸಿ, "ಯಾವ ಶಾಣ್ಯಾ ಇದಕ್ಕ ಎಣ್ಣಿ ಹಚ್ಚಿದಂವ?" ಎಂದರು. ಸಂಗಪ್ಪ ತಲೆ ಕೆರೆದುಕೊಂಡ. ಎಲ್ಲರೂ ನಕ್ಕರು, ನೀಲವ್ವ ಒಬ್ಬರನ್ನು ಬಿಟ್ಟು.

ಗುರುಬಸವ್ವ ಮಂಚದ ತುದಿಗೆ ಕುಳಿತರು. "ಯಕ್ಕಾ, ನಮ್ಮವರು ಇದನ್ನ ಹಿಡದು ಸತ್ತಿಲ್ಲ. ಸಾಯೂ ದಿನಾನೂ ಇದನ್ನ ಹಿಡ್ಕೊಂಡು ಬಚ್ಚಲಕ ತಾವೇ ಹೋಗಿ ಬಂದ್ರು. ನನ್ನ ಕೈಲೆ ಒಂದ ದಿನಾನೂ ಹೊಲಸು ಬಳಿಸಲಿಲ್ಲ."

ನೀಲವ್ವ ಕೈಚಾಚಿ ನನ್ನನ್ನು ಹತ್ತಿರ ಎಳೆದುಕೊಂಡರು. ಆಮೇಲೆ, "ಶಾಂತವ್ವಾ, ಸಬಕಾರ ಹಚ್ಚಿ ಇದರ ಕಾಲು ತಿಕ್ಕವಾ" ಎಂದರು.

ಅಂದೇ ಸಂಜೆ ನಾವಿಬ್ಬರೂ ಬಚ್ಚಲಿಗೆ ಹೋಗಿ ಬಂದೆವು. ಬರುವಾಗ ನೀಲವ್ವನ ಮುಖ ನೋಡಬೇಕಿತ್ತು, ಕಾಶಿಗೆ ಹೋಗಿ ಬಂದವರ ಹಾಗಿತ್ತು! ಬರಬರುತ್ತ ಬಾಗಿಲ ಮುಂದಿನ ಕಟ್ಟೆಗೂ ಹೋಗತೊಡಗಿದೆವು.

ಒಂದು ಹಬ್ಬದ ದಿನ ಮನೆಯವರೆಲ್ಲ ಹೋಳಿಗೆ ಉಣ್ಣುತ್ತಿದ್ದಾಗ ನೀಲವ್ವ ಮಾತು ತೆಗೆದರು. "ಎಲ್ಲಾರೂ ಅದೀರಿ, ಹೇಳಿಬಿಡ್ತೀನಿ. ನನ್ನ ವ್ಯಾಳ್ಯಾ ಬಂದಾಗ ಮೂಗಿಗೆ ನಳಿಗಿ ಹಾಕಿ ದವಾಖಾನಿ ಗಾಜಿನ ಖೋಲ್ಯಾಗ ಇಡಬ್ಯಾಡ್ರಿ. ನೋವಾದ್ರ ಔಷಧ ಕೊಡ್ರಿ ಸಾಕು, ಮನ್ಯಾಗ ಇರ್ತೀನಿ. ಕಣ್ಣು ದಾನಾ ಮಾಡ್ರಿ."

"ಉಣ್ಣೂ ಮುಂದ ಎಂಥಾ ಮಾತಬೇ!" ಎಂದ ಸಂಗಪ್ಪ.

"ಜಡ್ಡಾದಾಗ ಹೇಳಿದ್ರ ಅಳಕೋತ ಕುಂದರ್ತೀರಿ. ಹೋಳಿಗಿ ಬಾಯಾಗ ಇದ್ದಾಗ ಕೇಳ್ರಿ. ಮತ್ತ, ಈ ವಾಕರ್ ಮಠಕ್ಕ ಕೊಡಬ್ಯಾಡ್ರಿ, ಗುರುಬಸವ್ವಗ ಕೊಡ್ರಿ. ಆಕಿ ಮೊಣಕಾಲು ನಾ ನೋಡೀನಿ."

ವರ್ಷಗಳ ಮೇಲೆ ಅವರು ಹೇಳಿದ ಹಾಗೆಯೇ ಆಯಿತು. ಮನೆಯಲ್ಲೇ, ಮಗನ ಕೈ ಹಿಡಿದುಕೊಂಡು ಹೋದರು. ಅಂದು ಬೆಳಿಗ್ಗೆಯೂ ನಾವು ಬಚ್ಚಲಿಗೆ ಹೋಗಿ ಬಂದಿದ್ದೆವು. ಆಸ್ಪತ್ರೆಯವರು ಬಂದು ಕಣ್ಣು ಒಯ್ದರು. ನನಗೆ ಅಳು ಬಂತು. ಅಲ್ಯೂಮಿನಿಯಮ್ಮಿಗೂ ಬರುತ್ತದೆ, ನಂಬಿ.

ಕರ್ಮಗಳು ಮುಗಿದ ಮೇಲೆ ಶಾಂತವ್ವ ನನಗೆ ಹೊಸ ರಬ್ಬರ್ ಟೋಪಿ ಹಾಕಿ ಗುರುಬಸವ್ವನ ಮನೆಗೆ ತಂದಳು. ಈಗಂತೂ ಇಬ್ಬರು ಸತ್ತವರ ಸಾಮಾನು ನಾನು. ಹೊಸ್ತಿಲ ಹೊರಗೇ ನಿಲ್ಲಿಸುತ್ತಾರೇನೋ ಎಂದುಕೊಂಡೆ. ಗುರುಬಸವ್ವ ನಿಧಾನವಾಗಿ ನನ್ನ ಹಿಡಿಕೆ ಸವರಿದರು. ಮುರಿಗೆಪ್ಪನವರ ಹೆಬ್ಬೆರಳು ಒತ್ತಿ ಒತ್ತಿ ಆಗಿದ್ದ ತಗ್ಗು ಇನ್ನೂ ಇತ್ತು. ಅದರೊಳಗೆ ತಮ್ಮ ಹೆಬ್ಬೆರಳು ಇಟ್ಟರು.

"ಬಾ ಅಳಿಯಾ," ಎಂದರು. "ಹೊರಗ ಹಾಕಿದ್ನಲ್ಲ, ಸಿಟ್ಟಾಗೀಯೇನ?"

ಸಿಟ್ಟು ಎಲ್ಲಿ ಉಳಿದೀತು! ಈಗ ನಾನು ಅವರ ಮಂಚದ ಮಗ್ಗುಲಲ್ಲಿ, ಮುರಿಗೆಪ್ಪನವರು ನಿಲ್ಲಿಸುತ್ತಿದ್ದ ಮೂಲೆಯಲ್ಲೇ ಇದ್ದೇನೆ. ಒಂದು ಕಾಲು ಕೊಂಚ ಸೊಟ್ಟಗಾಗಿದೆ, ಮೈಯ ಹೊಳಪು ಹೋಗಿದೆ. ದೇಶ ಸುತ್ತಲಿಲ್ಲ ನಿಜ. ಆದರೆ ಬೆಳಗಾದರೆ "ಏಳೋ ಅಳಿಯಾ, ಹೋಗೂಣು" ಎನ್ನುವವರಿದ್ದಾರೆ. ಬಚ್ಚಲು ಅಲ್ಲೇ ಇದೆ. ನಾವು ನಡೆದೇ ಹೋಗುತ್ತೇವೆ.