ಮೂರನೆಯ ಹಾಡಿನ ಬಂಗುಡೆ

ಸಾವಿರದ ಒಂಬೈನೂರ ಐವತ್ತೇಳರಲ್ಲಿ, ಕಾರ್ಕಳದ ಭಾಷಣ ಸ್ಪರ್ಧೆಯಲ್ಲಿ ನಾನು ಬೆಳ್ಳಿಯ ಬಟ್ಟಲನ್ನು ಗೆದ್ದೆ. ಅದಕ್ಕಾಗಿ ವರ್ಷವಿಡೀ ಕಾಪುವಿನ ಕಡಲ ತಡಿಯಲ್ಲಿ ನಿಂತು, ತೆರೆಗಳ ಅಬ್ಬರವನ್ನು ಮೀರುವಂತೆ ಮಹಾಪ್ರಾಣಗಳನ್ನು ಉಚ್ಚರಿಸಿದ್ದೆ. ಧ್ವನಿವರ್ಧಕವಿಲ್ಲದ ಆ ಸಭೆಯಲ್ಲಿ ಕೊನೆಯ ಸಾಲಿಗೂ ನನ್ನ ಒಂದೊಂದು ಅಕ್ಷರ ತಲುಪಿತು.

ಅದೇ ಕಂಠ 2001ರ ಸೋಣದಲ್ಲಿ, ತುಳುವರ ವ್ರತದ ತಿಂಗಳಿನಲ್ಲಿ, ನನ್ನನ್ನು ಸಿಕ್ಕಿಹಾಕಿಸಿತು.

ಮೊಮ್ಮಗಳು ಆಶ್ರಿತಾ ಮತ್ತು ಮಣಿಪಾಲದ ಅವಳ ಸಹಪಾಠಿ ಲಿಯೋನೆಲ್, ಬನ್ನಂಜೆಯ ನಮ್ಮ ಮನೆಯ ಬಚ್ಚಲಿನಲ್ಲಿ ರಾಕ್ ಹಾಡುಗಳ ಕ್ಯಾಸೆಟ್ಟೊಂದನ್ನು ಸಿದ್ಧಪಡಿಸುತ್ತಿದ್ದರು. ಒಂದು ಗಿಟಾರು, ಮಗುಚಿದ ಬಕೆಟ್ಟು, ಟೇಪ್ ರೆಕಾರ್ಡರ್. ಕಿಟಕಿಯ ಆಚೆಗೆ ಹಿತ್ತಿಲ ಗೋಡೆ. ಗೋಡೆಯ ಆಚೆಗೆ, ದಿನವೂ ಹನ್ನೊಂದಕ್ಕೆ, ಮೀನಿನವನ ಸೈಕಲ್ಲು.

ಸೋಣ ಮುಗಿಯುವ ತನಕ ಮೀನು ಮುಟ್ಟುವುದಿಲ್ಲವೆಂದು ನಾನೂ ನನ್ನ ಹೆಂಡತಿ ನಳಿನಾಕ್ಷಿಯೂ ದೇವರ ಮುಂದೆ ಹೇಳಿಕೊಂಡಿದ್ದೆವು. ಅವಳು ಹಾಗೆಯೇ ನಡೆದುಕೊಂಡಳು.

ಕ್ಯಾಸೆಟ್ಟು ಮುಗಿದ ದಿನ ಮಕ್ಕಳು ಅದನ್ನು ಮೊದಲು ನನಗೆ ಕೇಳಿಸಿದರು. ಮೂರನೆಯ ಹಾಡಿನ ನಡುವೆ ಮೀನಿನವನ ಹಾರ್ನು, ಬೆನ್ನಿಗೇ ಸುಸ್ಪಷ್ಟವಾದ ನನ್ನ ಕಂಠ: "ಬಂಗುಡೆ ಮೊನ್ನೆಯಷ್ಟೇ ದಪ್ಪ ಉಂಟೋ? ಸಿರಿಲನ ಮನೆಗೆ ಕೊಡು. ನಾನು ಊಟಕ್ಕೆ ಅಲ್ಲಿಗೇ ಬರ್ತೇನೆ."

"ಇದನ್ನು ಅಳಿಸಿಬಿಡಿ," ಎಂದೆ. ಸಂಜೆ ನಳಿನಾಕ್ಷಿ ಕೇಳುವವಳಿದ್ದಳು.

"ಆಗುವುದಿಲ್ಲ ಮಾಷ್ಟ್ರೇ," ಎಂದ ಲಿಯೋನೆಲ್. "ಎಲ್ಲ ಒಂದೇ ಮೈಕಿನಲ್ಲಿ ಬಂದದ್ದು. ನಿಮ್ಮನ್ನು ತೆಗೆದರೆ ಗಿಟಾರೂ ಹೋಗ್ತದೆ."

"ಹಾಗಾದರೆ ಇನ್ನೊಮ್ಮೆ ಹಾಡಿ."

"ಇಷ್ಟು ಚಂದ ಪುನಃ ಬರುವುದಿಲ್ಲ ಅಜ್ಜ," ಎಂದಳು ಆಶ್ರಿತಾ. "ಬಕೆಟ್ಟಿನ ಪೆಟ್ಟಿಗೆ ಸರಿಯಾಗಿ ಬಂಗುಡೆ ಅಂದಿದ್ದೀರಿ, ಅಲ್ವಾ?"

ಅಂದದ್ದು ನಿಜ. ಹಾಡೂ ಚೆನ್ನಾಗಿತ್ತು. ಅಂಗಡಿಯ ಕ್ಯಾಸೆಟ್ಟುಗಳಲ್ಲಿ ಮನುಷ್ಯರು ವಾಸವಿರುವ ಸುಳಿವೇ ಇರುವುದಿಲ್ಲ. ಇದರಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು, ಲಿಯೋನೆಲ್ ಸಾಲು ಮರೆತು ನಗುತ್ತಿದ್ದ.

ಸಂಜೆ ನಳಿನಾಕ್ಷಿ ಕಣ್ಣು ಮುಚ್ಚಿ ಕೇಳಿದಳು. ಮೂರನೆಯ ಹಾಡು ಬಂದಾಗ ನಾನು ಜೋರಾಗಿ ಕೆಮ್ಮತೊಡಗಿದೆ. ಅವಳು ಕೈಯೆತ್ತಿ ತಡೆದಳು. ಹಾಡು ಮುಗಿಯಿತು.

"ಮೊನ್ನೆಯಷ್ಟೇ ಅಂದರೆ ಎಂತ?"

ಎದ್ದು ನಿಂತೆ. ಪೀಠಿಕೆಯಿಲ್ಲದೆ ಒಪ್ಪಿಕೊಂಡೆ: ಒಟ್ಟು ಮೂರು ಬಾರಿ, ನೆರೆಯ ಸಿರಿಲನ ಅಡುಗೆಮನೆಯಲ್ಲಿ, ಕಾವಲಿಯಿಂದ ನೇರವಾಗಿ ತಟ್ಟೆಗೆ.

"ನಾನು ಇಲ್ಲಿ ಹದಿನೆಂಟು ದಿನದಿಂದ ಸೌತೆಕಾಯಿ ತಿನ್ನುವುದು," ಎಂದಳು ನಳಿನಾಕ್ಷಿ. "ಸೋಣ ಮುಗಿದ ಮೇಲೆ ನಾನು ಬಂಗುಡೆ ತಿನ್ನುತ್ತೇನೆ. ನೀವು ಇನ್ನೊಂದು ತಿಂಗಳು ಸೌತೆಕಾಯಿ ತಿನ್ನಿ, ಸಿರಿಲನಿಗೂ ಹೇಳಿಡ್ತೇನೆ."

ತಲೆ ತಗ್ಗಿಸಿ ಕುಳಿತೆ. ಅಷ್ಟರಲ್ಲಿ ಆಶ್ರಿತಾ ಹೊಸ ಖಾಲಿ ಕ್ಯಾಸೆಟ್ಟು ಹಿಡಿದು ಎದ್ದಿದ್ದಳು.

"ಅಜ್ಜ, ಈಗ ಎದ್ದು ನಿಂತು ಒಪ್ಪಿಕೊಂಡಿರಲ್ಲ, ಅದನ್ನು ಬಚ್ಚಲಿಗೆ ಬಂದು ಇನ್ನೊಮ್ಮೆ ಹೇಳ್ತೀರಾ?"