ಕ್ಷೌರಿಕನು ಈಜಿ ದಾಟಿದ ಸರೋವರ

ಮುಖದ ತುಂಬ ನೊರೆ ಹಚ್ಚಿಸಿಕೊಂಡು, ಗಂಟಲ ಮೇಲೆ ಕತ್ತಿ ಇಡಿಸಿಕೊಂಡು ಕುಳಿತ ಮನುಷ್ಯನಷ್ಟು ಒಳ್ಳೆಯ ಕೇಳುಗ ಈ ಲೋಕದಲ್ಲಿ ಇನ್ನೊಬ್ಬನಿಲ್ಲ. ಅವನು ಆಕಳಿಸುವುದಿಲ್ಲ, ಅಡ್ಡಬಾಯಿ ಹಾಕುವುದಿಲ್ಲ, ಎದ್ದು ಹೋಗುವಂತೆಯೂ ಇಲ್ಲ. ಭಗವಂತ ಕೊಟ್ಟ ಈ ವರವನ್ನು ನಮ್ಮ ಕ್ಷೌರಿಕ ಇಪ್ಪತ್ತು ವರ್ಷದಿಂದ ಒಂದೇ ಕಥೆಗೆ ಸುರಿದಿದ್ದ.

ಕಥೆ ಬೆಟ್ಟದ ಮೇಲಿನ ಸರೋವರದ್ದು. ಎಂದೋ ಬೆಂಕಿಯುಗುಳಿ ಸುಮ್ಮನಾದ ಬೆಟ್ಟ. ಅದರ ತೆರೆದ ಬಾಯಿಯಲ್ಲಿ ನೀರು ತುಂಬಿ ನಿಂತಿದೆ. ಪ್ರಾಯದಲ್ಲಿ ತಾನೊಬ್ಬನೇ ಅಲ್ಲಿಗೆ ಹತ್ತಿ, ಬಂಡೆಯಿಂದ ಧುಮುಕಿ, ಈ ದಡದಿಂದ ಆ ದಡಕ್ಕೆ ಈಜಿದೆನೆಂದು ಅವನು ಹೇಳುತ್ತಿದ್ದ. ವರ್ಷ ಕಳೆದಂತೆ ಕಥೆ ಮೈಕೈ ತುಂಬಿಕೊಂಡಿತು. ಮೊದಲು ಒಂದು ಸುಳಿ ಸೇರಿತು, ಆಮೇಲೆ ಕಾಲಿಗೆ ತೊಡರುವ ಬಳ್ಳಿ, ಆಮೇಲೆ ಗುಡುಗು.

ನಿಜ ಹೇಳಬೇಕೆಂದರೆ ಅವನು ಆ ಬೆಟ್ಟಕ್ಕೆ ಕಾಲಿಟ್ಟವನೇ ಅಲ್ಲ. ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದವನೂ ಅಲ್ಲ. ಆದರೆ ಬೀದಿಯ ಆ ತುದಿಯಲ್ಲಿ ಗೋಡೆಯಗಲ ಕನ್ನಡಿಯ, ತಿರುಗುವ ಕುರ್ಚಿಯ ಹೊಸ ಅಂಗಡಿ ಬಂದ ಮೇಲೂ ಜನ ಇವನ ಬಳಿಗೇ ಬರುತ್ತಿದ್ದುದು ಈ ಮಾತಿಗಾಗಿ. ಮಾತು ಸುಳ್ಳೆಂದು ಗೊತ್ತಾದರೆ ಅವನಿಗೆ ಉಳಿಯುವುದು ಒಂದು ಕಾಲು ಕುಂಟುವ ಕುರ್ಚಿ ಮಾತ್ರ.

ಹೀಗಿರುವಾಗ ಒಂದು ದಿನ, ಭೂಗೋಳ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ನೊರೆಯ ನಡುವಿನಿಂದಲೇ ಬಾಯಿ ಬಿಟ್ಟರು.

"ಬರೋ ರಜಕ್ಕೆ ಹೋಗೇಬಿಡೋಣ ಕಣಯ್ಯ. ಎಷ್ಟು ವರ್ಷ ಅಂತ ಬರೀ ಕೇಳೋದು? ನೀನು ದಾರಿ ತೋರ್ಸು."

"ನಾನೂ ಬರ್ತೀನಿ," ಎಂದ ಬೆಂಚಿನ ಮೇಲಿದ್ದ ದರ್ಜಿ. ಕೊರಳಿನ ಟೇಪನ್ನು ಮಲಗುವಾಗಲೂ ತೆಗೆಯದ ಅವನನ್ನು ಎಲ್ಲರೂ ಇಂಚುಟೇಪು ಎಂದೇ ಕರೆಯುತ್ತಿದ್ದರು.

ಕ್ಷೌರಿಕ ಮಂಡಿನೋವು ಎಂದ. ಮಳೆ ಬರಬಹುದು ಎಂದ. ಅತ್ತೆಗೆ ಹುಷಾರಿಲ್ಲ ಎಂದ.

"ನಿಮ್ಮತ್ತೆ ಹೋಗಿ ಎಂಟು ವರ್ಷ ಆಯ್ತಲ್ಲೋ," ಎಂದ ಇಂಚುಟೇಪು.

ಅಂತೂ ಹೊರಟರು. ಬೆಟ್ಟದ ಬುಡದಲ್ಲೇ ದಾರಿ ಎರಡಾಯಿತು. ಇಬ್ಬರೂ ಕ್ಷೌರಿಕನ ಮುಖ ನೋಡಿದರು. ಅವನು ಕಣ್ಣು ಮುಚ್ಚಿ, ದೊಡ್ಡ ಉಸಿರೆಳೆದು, "ಇಲ್ಲಿ ಮೊದಲ ಸಲ ಬಂದವರೇ ದಾರಿ ಆರಿಸ್ಬೇಕು. ಹಳಬರು ತುಟಿ ಬಿಚ್ಚೋ ಹಾಗಿಲ್ಲ. ಬೆಟ್ಟದ ನೇಮ," ಎಂದ.

ಮೇಷ್ಟ್ರು ಭಕ್ತಿಯಿಂದ ಬಲಗಡೆಯದನ್ನು ಆರಿಸಿದರು. ಅದು ಅರ್ಧ ಗಂಟೆ ನಡೆಸಿ ಒಂದು ಮುಳ್ಳಿನ ಪೊದೆಯಲ್ಲಿ ಮುಗಿಯಿತು.

"ನಿನಗೆ ಗೊತ್ತಿತ್ತಾ?" ಎಂದ ಇಂಚುಟೇಪು, ಪಂಚೆಯಿಂದ ಮುಳ್ಳು ಕೀಳುತ್ತ.

"ಗೊತ್ತಿಲ್ದೆ ಇರುತ್ತಾ? ನೇಮ ಅಲ್ವಾ, ನಾಲಿಗೆ ಕಚ್ಕೊಂಡು ಬಂದೆ."

ಮತ್ತೆ ಇಳಿದು ಎಡದ ದಾರಿ ಹಿಡಿದರು. ಮುಂದೆ ಹತ್ತುತ್ತ ಕ್ಷೌರಿಕ ಮನಸ್ಸಿನಲ್ಲೇ ಬೇಡಿಕೊಂಡ: ದೇವರೇ, ಮೇಲೆ ದಟ್ಟ ಮಂಜು ಕವಿಸು, ನೀರೇ ಕಾಣದ ಹಾಗೆ ಮಾಡು. ದೇವರು ಸುಳ್ಳುಗಾರನ ಮೊರೆಯನ್ನೂ ಕೇಳುತ್ತಾನೆ. ಕೇಳಿ ನಗುತ್ತಾನೆ, ಅಷ್ಟೆ. ಅಂಚಿಗೆ ಬಂದಾಗ ಆಕಾಶ ಒರೆಸಿಟ್ಟಂತಿತ್ತು. ಕೆಳಗೆ, ಕಪ್ಪು ಬಂಡೆಗಳ ಬಟ್ಟಲಿನಲ್ಲಿ, ಹಸಿರು ನೀರು ಉಸಿರು ಬಿಗಿಹಿಡಿದಂತೆ ಮಲಗಿತ್ತು.

ದಡದಲ್ಲಿ ಕೊರಳಿಗೆ ಸೀಟಿ ಕಟ್ಟಿಕೊಂಡ ಒಬ್ಬ ಕಾವಲಿನ ಹೆಂಗಸು ಕುಳಿತಿದ್ದಳು.

"ಅಲ್ಲೇ ನಿಂತು ನೋಡಿ. ಆಳ ಇದೆ. ಇದನ್ನ ದಾಟಿದೋನು ಒಬ್ಬನೇ, ಯಾರೋ ಕ್ಷೌರದ ಅಂಗಡಿಯೋನಂತೆ. ಅಗೋ, ಅವನು ಧುಮುಕಿದ ಬಂಡೆ."

ಕ್ಷೌರಿಕ ಒಂದು ಹೆಜ್ಜೆ ಹಿಂದೆ ಸರಿದ. ಮುಖ ತೊಳೆದುಕೊಂಡು ಹೋದ ಗಿರಾಕಿಗಳಲ್ಲಿ ಕೆಲವರು ಬೆಟ್ಟ ಹತ್ತಿದ್ದರು. ಹತ್ತುವಾಗ ಕಥೆಯನ್ನೂ ಹೊತ್ತು ತಂದಿದ್ದರು.

"ಅವನೇ ಇವನು!" ಎಂದ ಇಂಚುಟೇಪು, ತಾನೇ ಹೆತ್ತವನಂತೆ ಎದೆಯುಬ್ಬಿಸಿ.

ಹೆಂಗಸು ಕ್ಷೌರಿಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅವನು ಆರಡಿ ಆಳು. ಇವರು ಬೇರೆ ಯಾರೋ."

"ಐದಡಿ ಮೂರಂಗುಲ. ನಾನೇ ಅಳೆದಿದ್ದೀನಿ. ಈಜುವಾಗ ಮನುಷ್ಯ ಉದ್ದ ಆಗ್ತಾನೆ."

"ಹಂಗಾದ್ರೆ ಈಗೊಂದ್ಸಲ ಉದ್ದ ಆಗ್ಲಿ, ನೋಡೋಣ."

ಸ್ನೇಹಿತನಿಗೆ ಆದ ಈ ಅವಮಾನ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಅರವತ್ತನಾಲ್ಕು ವರ್ಷದ ಆ ಮನುಷ್ಯ ಅಂಗಿಯ ಗುಂಡಿ ಬಿಚ್ಚತೊಡಗಿದರು. "ನಡಿಯಯ್ಯ. ನೀನು ಮುಂದೆ, ನಿನ್ನ ಹಿಂದೆ ನಾನು. ನೀನಿರುವಾಗ ನನಗೇನು ಭಯ?"

ಮೇಷ್ಟ್ರ ಬಿಳಿಯ ಎದೆಗೂದಲು ಗಾಳಿಗೆ ಅಲುಗಿತು. ಅದನ್ನು ಕಂಡ ಕ್ಷೌರಿಕನಿಗೆ ಅಂಗಡಿ, ಕುರ್ಚಿ, ಆ ತುದಿಯ ಕನ್ನಡಿ ಎಲ್ಲವೂ ಮರೆತುಹೋದವು. ಅವನು ಅವರ ಕೈ ಹಿಡಿದುಕೊಂಡ.

"ಬೇಡಿ ಮೇಷ್ಟ್ರೇ. ನಾನು ಈಜಿಲ್ಲ. ನನಗೆ ಈಜೋಕೇ ಬರಲ್ಲ. ಈ ಬೆಟ್ಟ ಹತ್ತಿದ್ದೇ ಇವತ್ತು. ಎಲ್ಲಾ ಸುಳ್ಳು."



"ನಾಚಿಕೆ ಆಗಲ್ವೇನೋ?" ಎಂದ ಇಂಚುಟೇಪು. "ನೀರು ತಣ್ಣಗಿದೆ ಅಂತ ಒಪ್ಕೊ. ಅದಕ್ಕೆ ಇಷ್ಟು ದೊಡ್ಡ ಸುಳ್ಳು ಹೇಳ್ಬೇಕಾ?"

ಮೇಷ್ಟ್ರ ಕಣ್ಣು ತೇವವಾಗಿತ್ತು. "ಬಿಡು, ನನಗರ್ಥ ಆಯ್ತು. ನಾನು ಮುಳುಗಿಬಿಟ್ಟೇನು ಅಂತ ನಿನ್ನ ಮಾನವನ್ನೇ ಕಳ್ಕೊಳ್ತಿದ್ದೀಯ. ಇಪ್ಪತ್ತು ವರ್ಷದಲ್ಲಿ ನಿನ್ನ ಬಾಯಲ್ಲಿ ಸುಳ್ಳು ಕೇಳಿದ್ದು ಇದೇ ಮೊದಲು." ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು.

ಕ್ಷೌರಿಕ ಆಣೆ ಮಾಡಿದ. ಮತ್ತೊಮ್ಮೆ ಆಣೆ ಮಾಡಿದ. ಅವನ ಮಾತನ್ನು ನಂಬಿದ್ದು ಇಡೀ ಬೆಟ್ಟದಲ್ಲಿ ಕಾವಲಿನ ಹೆಂಗಸು ಒಬ್ಬಳೇ.

"ನಾನು ಮೊದಲೇ ಹೇಳ್ಲಿಲ್ವಾ?" ಎಂದು ಎದ್ದಳು. "ಬನ್ನಿ, ಆ ಬಂಡೆ ಹತ್ತಿರದಿಂದ ನೋಡಿ. ಯಾರೂ ಮೇಲೆ ಹತ್ತಬೇಡಿ." ಬಂಡೆಯ ಪಕ್ಕ ನಿಂತು, ಸೀಟಿಯಿಂದಲೇ ನೀರಿನ ನಡುಭಾಗ ತೋರಿಸುತ್ತ ಕಥೆ ಹೇಳತೊಡಗಿದಳು. ಸುಳಿ ಬಂತು, ಬಳ್ಳಿ ಬಂತು, ಗುಡುಗು ಬಂತು. ಆಮೇಲೆ ಕರುವಿನಷ್ಟು ದೊಡ್ಡ ಮೀನೊಂದು ಅಡ್ಡ ಬಂತು. ಅವನು ಅದರ ತಲೆ ಸವರಿದ. ಅದು ದಾರಿ ಬಿಟ್ಟಿತು.

"ಮೀನೂ ಇತ್ತಾ?" ಎಂದ ಕ್ಷೌರಿಕ ಮೆಲ್ಲಗೆ.

"ಮಧ್ಯೆ ಬಾಯಿ ಹಾಕ್ಬೇಡಿ," ಎಂದಳು ಅವಳು.

ಅವನು ಕೈಕಟ್ಟಿ ನಿಂತು, ಮುಂದೇನಾಯಿತೆಂದು ಕೇಳಿಸಿಕೊಂಡ.