ಗುಣವಾದವರ ಕಾಲಂ

ಅನುದಾನದ ಅರ್ಜಿಯ ಒಂಬತ್ತನೇ ಕಾಲಮ್ಮಿಗೆ ಬಂದು ನರ್ಸಮ್ಮನ ಪೆನ್ನು ನಿಂತಿತು. 'ಸಂಸ್ಥೆಯ ನೆರವಿನಿಂದ ಗುಣಮುಖರಾದ ಒಬ್ಬರ ವಿವರ, ಭಾವಚಿತ್ರ ಸಹಿತ.' ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. ಒರೆಸಿದ ಮಾತ್ರಕ್ಕೆ ಅಕ್ಷರ ಬದಲಾಗುತ್ತದೆಯೇ?

"ನಮ್ಮಲ್ಲಿ ಗುಣ ಆದವರು ಯಾರಿದ್ದಾರೋ?" ಎಂದು ಬಡಗಿಯನ್ನು ಕೇಳಿದರು.

ಬಡಗಿ ಮಂಚದ ಕೆಳಗೆ ಅಂಗಾತ ಮಲಗಿ ಬೋಲ್ಟು ಬಿಗಿಯುತ್ತಿದ್ದ. "ನಾನಿಲ್ವಾ ಅಕ್ಕ? ನಿಮ್ಮ ಬೈಗುಳ ತಿಂದೂ ತಿಂದೂ ಸಿಗರೇಟು ಬಿಟ್ಟೆ. ನಂದೇ ಫೋಟೋ ಹಾಕಿ."

"ನಿನ್ನ ಮುಖ ನೋಡಿದ್ರೆ ಕೊಡೋ ಅನುದಾನಾನೂ ಕೊಡಲ್ಲ."

ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೆ ನರ್ಸಮ್ಮ ಬಡಗಿಯನ್ನು ಜೊತೆಗೆ ಹಾಕಿಕೊಂಡು ಕಟ್ಟಿದ ಸಂಘ ಅದು. ಮನೆಯಲ್ಲಿ ಹಾಸಿಗೆ ಹಿಡಿದವರಿಗೆ ತಲೆಯ ಕಡೆ ಎತ್ತರಿಸಬಹುದಾದ ಮಂಚವನ್ನು ಪುಕ್ಕಟೆಯಾಗಿ ಕೊಡುವುದು, ಕೆಲಸ ಮುಗಿದ ಮೇಲೆ ವಾಪಸು ತರುವುದು. ಕೆಲಸ ಮುಗಿಯುವುದು ಎಂದರೆ ಏನೆಂದು ಇಬ್ಬರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಡಾಕ್ಟರುಗಳು ಕೈಚೆಲ್ಲಿದ ಮೇಲೆಯೇ ಜನ ಇವರ ಬಾಗಿಲಿಗೆ ಬರುತ್ತಿದ್ದುದು. ಮಂಚ ವಾಪಸು ಬಂದ ದಿನ ಬಡಗಿ ಅದನ್ನು ಎರಡೆರಡು ಸಲ ತೊಳೆದು ಬಿಸಿಲಿಗಿಡುತ್ತಿದ್ದ, ಆ ಹೊತ್ತು ತಮಾಷೆ ಮಾಡುತ್ತಿರಲಿಲ್ಲ.

ಶೆಡ್ಡಿನ ಮಾಲೀಕ ಈಗ ಜಾಗ ಖಾಲಿ ಮಾಡಿ ಎಂದು ಕೂತಿದ್ದ. ಅನುದಾನ ಬಂದರೆ ಬೇರೆ ಕಡೆ ಜಾಗ ಹಿಡಿಯಬಹುದು. ಬರದಿದ್ದರೆ ಏಳೂ ಮಂಚ ಗುಜರಿಗೆ ಹೋಗುತ್ತವೆ, ಸಂಘ ಅಲ್ಲಿಗೆ ಮುಗಿಯಿತು. ಅರ್ಜಿ ಕೊಡಲು ಇವತ್ತು ಸಂಜೆ ಐದು ಗಂಟೆಯೇ ಕೊನೆ. ಬೆಳಿಗ್ಗೆ ಫೋನು ಮಾಡಿ ಕೇಳಿದಾಗ ಕಚೇರಿಯ ಹುಡುಗಿ, "ಒಂಬತ್ತು ಖಾಲಿ ಬಿಟ್ರೆ ಅರ್ಜಿ ಮುಂದಕ್ಕೇ ಹೋಗಲ್ಲ ಮೇಡಂ. ಒಬ್ರಾದ್ರೂ ಇದ್ದೇ ಇರ್ತಾರಲ್ವಾ?" ಎಂದಿದ್ದಳು. ಒಳ್ಳೆಯ ಹುಡುಗಿಯೇ, ಪಾಪ.

ನರ್ಸಮ್ಮ ರಿಜಿಸ್ಟರು ತಿರುವಿಹಾಕಿದರು. ಒಂದು ಪುಟದಲ್ಲಿ ಬೆರಳು ನಿಂತಿತು.

"ಟೈಲರಮ್ಮ! ನಡ್ಕೊಂಡು ಬಂದು ಮಂಚ ವಾಪಸ್ ಕೊಟ್ಲಲ್ಲೋ!"

ಬಡಗಿ ತಟ್ಟನೆ ಎದ್ದ, ಮಂಚದ ಪಟ್ಟಿ ಹಣೆಗೆ ಬಡಿಯಿತು. ಹೌದಲ್ಲ, ಹೊಲಿಗೆಯವಳು. ಕಳೆದ ವರ್ಷ ಮಂಚದ ಗಾಡಿಯ ಹಿಂದೆ ತಾನೇ ನಡೆದುಬಂದು, ಅಳತೆಯನ್ನೂ ತೆಗೆದುಕೊಳ್ಳದೆ ಹೊಲಿದ ಅಂಗಿಯೊಂದನ್ನು ಅವನ ಕೈಗಿತ್ತಿದ್ದಳು. ಇಷ್ಟು ವರ್ಷಗಳಲ್ಲಿ ಹಾಗೆ ಬಂದವಳು ಅವಳೊಬ್ಬಳೇ.

ಇಬ್ಬರೂ ಅವಳ ಮನೆಗೆ ಹೊರಟೇಬಿಟ್ಟರು. ದಾರಿಯುದ್ದಕ್ಕೂ ಬಡಗಿ ಹೊಸ ಜಾಗದಲ್ಲಿ ಯಾವ ಮಂಚ ಎಲ್ಲಿ ಎಂದು ಹೇಳುತ್ತಲೇ ಇದ್ದ.

ಬಾಗಿಲು ತೆಗೆದದ್ದು ಅವಳ ಗಂಡ. ನರ್ಸಮ್ಮನನ್ನು ಕಂಡವನೇ ಕಣ್ಣು ತುಂಬಿಕೊಂಡ. "ನಿಮಗೆ ಹೇಗೆ ಗೊತ್ತಾಯ್ತು? ನಾಳೆ ನಾನೇ ಬರೋಣ ಅಂತಿದ್ದೆ." ಅವರ ಹೆಗಲಾಚೆ ಬೀದಿಯತ್ತ ಇಣುಕಿದ. "ಮಂಚ ಗಾಡೀಲಿದೆಯಾ?"

ನರ್ಸಮ್ಮ ನೇರ ಒಳಗೆ ಹೋದರು. ಹೊಲಿಗೆ ಯಂತ್ರದ ಪಕ್ಕದಲ್ಲಿ, ನೆಲದ ಮೇಲಿನ ಹಾಸಿಗೆಯಲ್ಲಿ ಅವಳು ದಿಂಬಿಗೊರಗಿ ಕೂತಿದ್ದಳು. ನರ್ಸಮ್ಮನ ಬೆರಳು ತಾನಾಗಿಯೇ ಅವಳ ನಾಡಿಗೆ ಹೋಯಿತು.

"ಯಾವಾಗಿಂದ?"

"ಎರಡು ತಿಂಗಳಾಯ್ತು."

"ಒಂದು ಮಾತು ಹೇಳಿ ಕಳಿಸೋದಲ್ವೇನೇ?"

"ನಿಮ್ಮಲ್ಲಿ ಗುಣ ಆದವಳು ನಾನೊಬ್ಬಳೇ ಅಂತ ಮಂಚ ವಾಪಸ್ ಕೊಟ್ಟ ದಿನ ಅಂದಿದ್ರಲ್ಲ," ಅವಳು ಹೊದಿಕೆಯ ಅಂಚು ಸರಿಮಾಡಿಕೊಂಡಳು. "ಹೇಳೋಕೆ ನಾಚಿಕೆ ಆಯ್ತು."

ಬಡಗಿಯ ಕಂಕುಳಲ್ಲಿದ್ದ ಕಾಗದದ ಮೇಲೆ ಅವಳ ಕಣ್ಣು ಬಿತ್ತು. ಅದೇನೆಂದು ಕೇಳಿದಳು. "ಏನಿಲ್ಲ ಬಿಡು," ಎಂದರು ನರ್ಸಮ್ಮ. ಬಡಗಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಶೆಡ್ಡು, ಅನುದಾನ, ಒಂಬತ್ತನೇ ಕಾಲಂ, ಎಲ್ಲವನ್ನೂ ಒದರಿಬಿಟ್ಟ. ಅವಳು ನಕ್ಕಳು, ನಗು ಕೆಮ್ಮಾಯಿತು.

"ಐದು ಗಂಟೆಗೆ ಇನ್ನೂ ಹೊತ್ತಿದೆ. ಎಬ್ಬಿಸಿ ನನ್ನ."

"ಬೇಡ ಕಣೇ. ಸುಳ್ಳಾಗುತ್ತೆ."

"ಏನು ಸುಳ್ಳು ನರ್ಸಮ್ಮ? ಹನ್ನೊಂದು ತಿಂಗಳು ಚೆನ್ನಾಗಿರಲಿಲ್ವಾ ನಾನು? ಬೀದಿಯವರಿಗೆಲ್ಲ ಬಟ್ಟೆ ಹೊಲಿದುಕೊಟ್ಟೆ. ಮಗಳ ಜೊತೆ ಹೋಗಿ ಸಮುದ್ರ ನೋಡ್ಕೊಂಡು ಬಂದೆ. ಅದನ್ನ ಬರೀರಿ. ಆಮೇಲೇನಾಯ್ತು ಅಂತ ಅದರಲ್ಲಿ ಕೇಳಿದಾರಾ?"

ಕೇಳಿರಲಿಲ್ಲ.

ಕಪಾಟಿನಿಂದ ಅವಳ ಹಸಿರು ನಿಲುವಂಗಿ ಹೊರಗೆ ಬಂತು. ಸಮುದ್ರಕ್ಕೆ ಹೋಗುವಾಗ ಹೊಲಿದುಕೊಂಡದ್ದು. ಹಾಕಿಕೊಂಡರೆ ಒಳಗೆ ಅವಳು ಇದ್ದಾಳೋ ಇಲ್ಲವೋ ಎನ್ನುವಂತಿತ್ತು. ಆದರೆ ಅವಳ ಕಸುಬಿನಲ್ಲಿ ಇದಕ್ಕೆ ಉಪಾಯವಿತ್ತು. ಯಂತ್ರ ಹಿಡಿದುಕೊಂಡು ನಿಂತು ಗಂಡನಿಗೆ ಅಪ್ಪಣೆ ಕೊಡತೊಡಗಿದಳು. "ಹಿಂದುಗಡೆ ಮಡಚಿ ಗುಂಡುಪಿನ್ನು ಹಾಕಿ. ಇನ್ನೂ ಒಳಗೆ. ಹೆದರಬೇಡಿ, ಚುಚ್ಚಿದ್ರೆ ಹೇಳ್ತೀನಿ." ಮದುವೆಯಾದಾಗಿನಿಂದ ಸೂಜಿ ಮುಟ್ಟದ ಆ ಮನುಷ್ಯ ಕುತ್ತಿಗೆಯಿಂದ ಸೊಂಟದವರೆಗೆ ಹನ್ನೊಂದು ಪಿನ್ನು ಹಾಕಿದ. ಮುಂದಿನಿಂದ ನೋಡಿದರೆ ಬಟ್ಟೆ ಮೈಗೆ ಅಚ್ಚುಕಟ್ಟಾಗಿ ಕೂತಿತ್ತು.

ಅವಳು ಯಂತ್ರದಿಂದ ಕೈ ತೆಗೆದಳು. ಮೊಬೈಲು ಹಿಡಿದ ಬಡಗಿ, "ಅಲ್ಲಾಡಬೇಡಿ ಟೈಲರಮ್ಮ," ಎಂದ.

"ಅಲ್ಲಾಡ್ತಿರೋದು ನೀವು," ಎಂದು ಅವಳು ನಕ್ಕದ್ದೇ ಫೋಟೋದಲ್ಲಿ ಬಂತು.

ಫೋಟೋದಲ್ಲಿದ್ದವಳು ಗಟ್ಟಿಮುಟ್ಟಾದ ಹೆಂಗಸು, ಇನ್ನೂ ಬಹಳ ವರ್ಷ ಬಾಳುವವಳು. ಅದನ್ನು ನೋಡಿ ನರ್ಸಮ್ಮನಿಗೆ ದುಃಖ ಒತ್ತರಿಸಿ ಬಂತು. ರೋಗಿಯ ಮುಂದೆ ಎಂದೂ ಅಳದಿದ್ದವರು ಅರ್ಜಿಯ ಮೇಲೆ ತಲೆ ಬಗ್ಗಿಸಿಕೊಂಡು, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದರು.

"ಮೊದಲು ಮಂಚ ತಂದುಬಿಡ್ತೀನಿ," ಎಂದ ಬಡಗಿ.

"ಮೊದಲು ಅರ್ಜಿ ಕೊಡಿ. ಇಲ್ಲಾಂದ್ರೆ ನನ್ನ ಆಮೇಲೆ ಬರೋರಿಗೆ ಮಂಚ ಎಲ್ಲಿಂದ ತರ್ತೀರಾ?"

ಅವನು ಅರ್ಜಿ ತೆಗೆದುಕೊಂಡು ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಓಡಿದ.

ಅವಳು ಮತ್ತೆ ಯಂತ್ರ ಹಿಡಿದುಕೊಂಡಳು. ನರ್ಸಮ್ಮ ಅವಳನ್ನು ಕೂರಿಸಿ ಬೆನ್ನ ಹಿಂದೆ ಕೂತು ಒಂದೊಂದಾಗಿ ಪಿನ್ನು ತೆಗೆಯತೊಡಗಿದರು. ಗಂಡ ಡಬ್ಬಿ ಹಿಡಿದಿದ್ದ. ಒಂದೊಂದು ಪಿನ್ನು ಬಂದಂತೆಲ್ಲ ಹಸಿರು ಬಟ್ಟೆ ಅಷ್ಟಷ್ಟು ಸಡಿಲವಾಗಿ ಹೆಗಲಿಂದ ಜಾರಿತು.

"ಎಲ್ಲಾ ಬಂತಾ?" ಎಂದಳು ಕಣ್ಣುಮುಚ್ಚಿಕೊಂಡೇ.

ಗಂಡ ಡಬ್ಬಿ ನೋಡಿದ. ಹನ್ನೊಂದೂ ಇದ್ದವು.

"ಇರು, ಇನ್ನೊಂದಿದೆ," ಎಂದು ನರ್ಸಮ್ಮ ಅವಳ ಬೆನ್ನ ಮೇಲೆ ಮೆಲ್ಲಗೆ ಕೈಯಾಡಿಸುತ್ತಲೇ ಇದ್ದರು.